ತರ್ಜುಮೆಗೆ ಸಿಗದ ಮಾತು

ನಮ್ಮ ಮನೆಯಲ್ಲಿ ‘ತರ್ಜುಮಾ’ ಎಂಬ ಮಾತು ಉಪ್ಪು ಹುಣಿಸೆಯಷ್ಟೇ ಬಳಕೆಯದು. ಅಪ್ಪ ಕೋರ್ಟಿನಲ್ಲಿ ತರ್ಜುಮೆಯ ಕೆಲಸದಲ್ಲಿದ್ದರು. ಸಾಕ್ಷಿಗಳು ಕನ್ನಡದಲ್ಲಿ ಹೇಳಿದ್ದನ್ನೂ ಹಳೆಯ ಉರ್ದು ಕಾಗದಪತ್ರಗಳಲ್ಲಿ ಇದ್ದದ್ದನ್ನೂ ಇಂಗ್ಲಿಷಿಗೆ ತರುವುದು ಅವರ ಕೆಲಸ. ದಿನವಿಡೀ ಮಂದಿಯ ಮಾತು ಹೊತ್ತು ದಣಿದು ಬರುತ್ತಿದ್ದ ಅಪ್ಪ ಮನೆಯಲ್ಲಿ ಮಾತೇ ಆಡುತ್ತಿರಲಿಲ್ಲ. ಆಡಿದರೂ ಅರ್ಧ ವಾಕ್ಯ. “ಹುಡುಗಿಗೆ ಕಾಲೇಜು ದೂರ ಆಗ್ತದ” ಎಂದಿಷ್ಟು ಹೇಳಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಬಿಟ್ಟಿದ್ದರು. ಅಡುಗೆಮನೆಯಲ್ಲಿ ಅಳುತ್ತ ಕೂತ ನನಗೆ ಅವ್ವ ಹೇಳಿದಳು: “ನಿಮ್ಮಪ್ಪಾರ ಮಾತಿಗೆ ತರ್ಜುಮಾ ಬೇಕಾಗ್ತದ ನೋಡು. ದೂರ ಆಗ್ತದ ಅಂದ್ರ ಬ್ಯಾಡ ಅಂತಲ್ಲ. ಈ ವರ್ಷ ಕೈಯಾಗ ರೊಕ್ಕ ಇಲ್ಲ ಅಂತ.”

ಒಂದು ಸಂಜೆ ಅಪ್ಪ ಅಪರೂಪಕ್ಕೆ ಕೋರ್ಟಿನ ಸುದ್ದಿ ತೆಗೆದರು. ಹೊಲದ ತಂಟೆಯೊಂದರಲ್ಲಿ ಮುದುಕಿಯೊಬ್ಬಳು ಕಟಕಟೆಯಲ್ಲಿ ನಿಂತು ಇಪ್ಪತ್ತು ನಿಮಿಷ ಮಾತಾಡಿದಳಂತೆ. ಕಾಗದಕ್ಕೆ ಬಂದದ್ದು ಎರಡು ಸಾಲು. “ಹೊಲ ಗಂಡನ ಹೆಸರಿನಾಗ ಇತ್ತು ಅಂದಳು, ಅಷ್ಟ” ಎಂದರು ಅಪ್ಪ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ಕೇಳಿದಳು: “ಉಳಿದದ್ದು ಏನು ಹೇಳಿದಳ್ರೀ ಆಕಿ?”

ಅಪ್ಪ ಉತ್ತರ ಕೊಡಲಿಲ್ಲ. ಆ ಪ್ರಶ್ನೆ ಮಾತ್ರ ನನ್ನ ಬೆನ್ನಿಗೆ ಬಿದ್ದು ಉಳಿಯಿತು. ಎಂಟುನೂರು ವರ್ಷದ ಹಿಂದಿನ ಎರಡು ಅರಬ್ಬಿ ಪುಸ್ತಕಗಳನ್ನು ಇಂಗ್ಲಿಷ್ ತರ್ಜುಮೆಯಲ್ಲಿ ಓದುವಾಗಲೂ ಅದೇ ಪ್ರಶ್ನೆ ಎದ್ದು ಕೂತಿತು. ಒಂದು, ಸಿರಿಯಾ ದೇಶದ ಉಸಾಮಾ ಇಬ್ನ್ ಮುಂಕಿದ್ ಎಂಬ ಸರದಾರನ ನೆನಪಿನ ಪುಸ್ತಕ. ಫಿಲಿಪ್ ಹಿಟ್ಟಿ 1929ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಇನ್ನೊಂದು, ಸ್ಪೇನಿನ ಗ್ರನಾಡಾದಿಂದ ಮೆಕ್ಕಾ ಯಾತ್ರೆಗೆ ಹೊರಟ ಇಬ್ನ್ ಜುಬೈರ್‌ನ ಪ್ರವಾಸ ಕಥನ. ಇವರಿಬ್ಬರೂ ಕಣ್ಣಾರೆ ಕಂಡದ್ದು ಕ್ರುಸೇಡಿನವರ ರಾಜ್ಯಗಳನ್ನು.

ಶಾಲೆಯ ಇತಿಹಾಸದಲ್ಲಿ ಕ್ರುಸೇಡ್ ಎಂದರೆ ಬರೀ ಕತ್ತಿ ಗುರಾಣಿ. ಯುರೋಪಿನ ಕ್ರೈಸ್ತ ಯೋಧರು ಹೊರಟರು, 1099ರಲ್ಲಿ ಜೆರುಸಲೇಮ್ ಹಿಡಿದರು, 1187ರಲ್ಲಿ ಸಲಾದಿನ್ ಅದನ್ನು ಮರಳಿ ಪಡೆದ, 1291ರಲ್ಲಿ ಅಕ್ಕಾ ಎಂಬ ಬಂದರು ಪಟ್ಟಣವೂ ಬಿತ್ತು, ಮುಗಿಯಿತು. ನಡುವಿನ ಸುಮಾರು 190 ವರ್ಷ ಅವರೆಲ್ಲ ಹೇಗೆ ಬದುಕಿದರು ಎಂದು ಯಾರೂ ಹೇಳಿಕೊಡಲಿಲ್ಲ. ಬಂದವರು ಎದೆಸ್ಸಾ, ಅಂತಿಯೋಕ್, ಟ್ರಿಪೋಲಿ, ಜೆರುಸಲೇಮ್ ಎಂಬ ನಾಲ್ಕು ರಾಜ್ಯ ಕಟ್ಟಿದರು. ಕಟ್ಟಿದ ಮೇಲೆ ತೆರಿಗೆ ಎತ್ತಬೇಕು, ಸಂತೆ ನಡೆಸಬೇಕು, ನೆರೆಯ ಸುಲ್ತಾನನ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ಇದೆಲ್ಲ ಯಾವ ಭಾಷೆಯಲ್ಲಿ? ಊರಿನವರದು ಅರಬ್ಬಿ, ಗ್ರೀಕ್, ಸಿರಿಯಾಕ್, ಅರ್ಮೇನಿಯನ್. ಬಂದವರದು ಫ್ರೆಂಚ್. ಅವರ ಪಾದ್ರಿಗಳದು ಲ್ಯಾಟಿನ್.

ಅರಬರು ಈ ಬಂದವರನ್ನೆಲ್ಲ ಒಂದೇ ಹೆಸರಿನಿಂದ ‘ಫರಂಜ್’, ಅಂದರೆ ಫ್ರಾಂಕರು, ಎಂದರು. ಅದೇ ಮಾತು ಪಾರಸಿಯ ಬಾಯಲ್ಲಿ ಫರಂಗಿಯಾಗಿ ನಮ್ಮಲ್ಲಿಗೆ ಬಂದು ಪರಂಗಿಯಾಯಿತು. ಮನೆ ಹಿತ್ತಿಲಲ್ಲಿ ಪರಂಗಿ ಹಣ್ಣು ಕೀಳುವಾಗ ನಾವು ಆ ಹಳೆಯ ಫ್ರಾಂಕರ ಹೆಸರನ್ನೇ ಹೇಳುತ್ತಿರುತ್ತೇವೆ. ನಮ್ಮ ‘ತರ್ಜುಮೆ’ಯೂ ಅರಬ್ಬಿಯದೇ. ಅರಬ್ಬಿಯಲ್ಲಿ ತರ್ಜುಮೆ ಮಾಡುವವನು ತರ್ಜುಮಾನ್. ಕ್ರುಸೇಡಿನ ರಾಜ್ಯಗಳಲ್ಲಿ ಅದು ‘ದ್ರುಗೆಮಾನ್’ ಎಂದಾಗಿ ಒಂದು ಹುದ್ದೆಯ ಹೆಸರೇ ಆಯಿತು. ಹಳ್ಳಿಯ ರೈತರಿಗೂ ಫ್ರಾಂಕ್ ಜಮೀನುದಾರನಿಗೂ ನಡುವೆ ನಿಂತು ಮಾತು ದಾಟಿಸುವವನು ಆತ. ನಮ್ಮಪ್ಪನ ವೃತ್ತಿಬಂಧು ಎನ್ನಿ.

ಮೊದಲ ನೂರು ವರ್ಷ ದಾನಪತ್ರ, ಶಾಸನಗಳೆಲ್ಲ ಹೆಚ್ಚಾಗಿ ಲ್ಯಾಟಿನ್‌ನಲ್ಲಿ. 13ನೇ ಶತಮಾನಕ್ಕೆ ಬಂದರೆ ಕಾನೂನಿನ ದೊಡ್ಡ ಗ್ರಂಥಗಳು ಫ್ರೆಂಚ್‌ನಲ್ಲಿ ಹುಟ್ಟುತ್ತವೆ. ಅಂಥದೊಂದು ಗ್ರಂಥದಲ್ಲಿ ಸಂತೆಯ ನ್ಯಾಯಾಲಯದ ವಿವರವಿದೆ. ತೀರ್ಪು ಹೇಳಲು ಕೂರುವ ಆರು ಜನರಲ್ಲಿ ನಾಲ್ವರು ಊರಿನ ಸಿರಿಯನ್ನರು, ಇಬ್ಬರು ಫ್ರಾಂಕರು. ಪ್ರಮಾಣ ಮಾಡುವಾಗ ಯೆಹೂದಿ ತನ್ನ ತೋರಾದ ಮೇಲೆ, ಮುಸಲ್ಮಾನ ಕುರಾನಿನ ಮೇಲೆ ಕೈ ಇಡಬೇಕು. ಅವರವರ ದೇವರ ಮುಂದೆ ಅವರವರು ಸುಳ್ಳು ಹೇಳಲಾರರು ಎಂಬ ವ್ಯಾವಹಾರಿಕ ಬುದ್ಧಿ.

ದುಡ್ಡಿನ ಸಂಗತಿಯಂತೂ ಇನ್ನೂ ತಮಾಷೆ. ಫ್ರಾಂಕರು ಹೊಡೆದ ಚಿನ್ನದ ನಾಣ್ಯಗಳು ಈಜಿಪ್ಟಿನ ಫಾತಿಮಿ ಖಲೀಫರ ನಾಣ್ಯಗಳ ನಕಲು. ಶಿಲುಬೆ ಹೊತ್ತು ಬಂದವರ ಟಂಕಸಾಲೆಯಲ್ಲಿ ಅರಬ್ಬಿ ಅಕ್ಷರ, ಖಲೀಫನ ಹೆಸರು! ವ್ಯಾಪಾರಿಗೆ ಬೇಕಾದದ್ದು ಕೈಗೆ ಪರಿಚಯವಿರುವ ನಾಣ್ಯ. 1250ರ ಹೊತ್ತಿಗೆ ಪೋಪರ ಪ್ರತಿನಿಧಿ ಇದನ್ನು ಕಂಡು ಹೌಹಾರಿದ, ಪೋಪರು ನಿಷೇಧ ಹಾಕಿದರು. ಆಗ ಅಕ್ಕಾದವರು ಮಾಡಿದ ಉಪಾಯ ನೋಡಿ. 1251ರಿಂದ ಶಿಲುಬೆಯ ಗುರುತಿಟ್ಟು ಕ್ರೈಸ್ತ ನಂಬಿಕೆಯ ಮಾತುಗಳನ್ನೇ ಬರೆಸಿದರು, ಆದರೆ ಅರಬ್ಬಿಯಲ್ಲಿ! ದೇವರು ಬದಲಾದರೂ ಭಾಷೆ ಬದಲಾಗಲಿಲ್ಲ.

ಇಷ್ಟನ್ನು ಓದಿದವರು ಸಾಮಾನ್ಯವಾಗಿ ಒಂದು ಸಿಹಿ ತೀರ್ಮಾನಕ್ಕೆ ಬರುತ್ತಾರೆ. ಹಲವು ಭಾಷೆ ಒಟ್ಟಿಗೆ ಬಾಳಿದವು, ಆದ್ದರಿಂದ ಜನರೂ ಒಟ್ಟಿಗೆ ಬಾಳಿದರು ಎಂದು. ನಾನೂ ಮೊದಲು ಹಾಗೆಯೇ ಖುಷಿಪಟ್ಟೆ. ಇಬ್ನ್ ಜುಬೈರ್‌ನ ಅಕ್ಕಾ ಪಟ್ಟಣದ ಪುಟಗಳನ್ನು ಓದಿದ ಮೇಲೆ ಆ ಖುಷಿ ನಿಲ್ಲಲಿಲ್ಲ.

ಆತ ಅಕ್ಕಾಕ್ಕೆ ಬಂದದ್ದು 1184ರಲ್ಲಿ. ಬಂದವರನ್ನು ನೇರ ಸುಂಕದ ಕಚೇರಿಗೆ ಕರೆದೊಯ್ದರು. ಆ ಕಚೇರಿಯನ್ನು ಆತ ‘ದಿವಾನ್’ ಎನ್ನುತ್ತಾನೆ, ಅದರ ಮುಖ್ಯಸ್ಥನನ್ನು ‘ಸಾಹಿಬ್’ ಎನ್ನುತ್ತಾನೆ. ದಿವಾನರನ್ನೂ ಸಾಹೇಬರನ್ನೂ ಕಂಡ ನಮಗೆ ಇವು ಹೊಸ ಮಾತುಗಳೇನಲ್ಲ. ಅಲ್ಲಿ ಕೂತ ಗುಮಾಸ್ತರು ಕ್ರೈಸ್ತರು, ಆದರೆ ಬರೆಯುವುದೂ ಆಡುವುದೂ ಅರಬ್ಬಿ. ಅವರ ಮುಂದೆ ಚಿನ್ನದ ಅಲಂಕಾರದ ಕರಿಮರದ ಮಸಿದೌತಿಗಳು. ಗಂಟುಮೂಟೆ ಬಿಚ್ಚಿ ನೋಡಿದರೂ ಸೌಜನ್ಯದಿಂದ ನಡೆದುಕೊಂಡರು ಎಂದು ಆತ ಮೆಚ್ಚುತ್ತಾನೆ. ದಾರಿಯ ಹಳ್ಳಿಗಳ ಮುಸಲ್ಮಾನ ರೈತರು ಫ್ರಾಂಕರ ಕೈಕೆಳಗೆ ನೆಮ್ಮದಿಯಾಗಿದ್ದಾರೆ ಎಂಬುದನ್ನು ಹೊಟ್ಟೆಯುರಿಯಿಂದಲೇ ಆದರೂ ಒಪ್ಪಿಕೊಳ್ಳುತ್ತಾನೆ.

ಅದೇ ಕಥನದಲ್ಲಿ, ಆ ದೌತಿಗಳಿಗೆ ಹೆಚ್ಚು ದೂರವಿಲ್ಲದೆ, ಇನ್ನೊಂದು ನೋಟವಿದೆ. ಸೆರೆಸಿಕ್ಕ ಮುಸಲ್ಮಾನರು ಬೇಡಿ ಹಾಕಿಕೊಂಡು ದುಡಿಯುತ್ತಿದ್ದಾರೆ. ಅವರಲ್ಲಿ ಹೆಂಗಸರೂ ಇದ್ದಾರೆ. ಅವರ ಕಾಲಲ್ಲಿ ಕಡಗದ ಹಾಗೆ ಕಬ್ಬಿಣದ ಬಳೆ.

ಗುಮಾಸ್ತರದೂ ಅರಬ್ಬಿ, ಆ ಹೆಂಗಸರದೂ ಅರಬ್ಬಿ. ಒಂದು ಅರಬ್ಬಿಯ ಮುಂದೆ ಚಿನ್ನದ ದೌತಿ, ಇನ್ನೊಂದರ ಕಾಲಿಗೆ ಕಬ್ಬಿಣ. ಸರ್ಕಾರಕ್ಕೆ ಬೇಕಾಗಿದ್ದದ್ದು ಲೆಕ್ಕ ಬರೆಯುವ ಅರಬ್ಬಿ ಮಾತ್ರ. ಊರಿನ ಭಾಷೆಗೆ ಕಚೇರಿಯಲ್ಲಿ ಜಾಗ ಕೊಟ್ಟರೆಂದ ಮಾತ್ರಕ್ಕೆ ಊರಿನವರ ಮಾತಿಗೆ ಕಿವಿಗೊಟ್ಟರು ಎಂದಾಗುವುದಿಲ್ಲ. ಇಬ್ನ್ ಜುಬೈರ್ ಎರಡನ್ನೂ ಬರೆದಿಟ್ಟ. ಅವನ ಪುಸ್ತಕದ ಮೇಲೆ ನನಗೆ ಗೌರವ ಹುಟ್ಟಿದ್ದು ಅದಕ್ಕೇ.

ಉಸಾಮಾನ ಪುಸ್ತಕ ಇನ್ನೂ ರಸವತ್ತಾದದ್ದು. 1095ರಲ್ಲಿ ಶೈಜರ್ ಕೋಟೆಯ ಮನೆತನದಲ್ಲಿ ಹುಟ್ಟಿ 1188ರವರೆಗೆ ಬದುಕಿದ ಈತ ಬೇಟೆಗಾರ, ಯೋಧ, ಕವಿ, ಜೊತೆಗೆ ರಾಯಭಾರಿ. ಹಣ್ಣು ಹಣ್ಣಾದ ಮೇಲೆ ಹೇಳಿದ ಕಥೆಗಳು ಇವು. ಜಗಲಿಯ ಮೇಲೆ ಕೂತ ಅಜ್ಜನ ಮಾತಿನಂತೆ ಒಂದರಿಂದ ಇನ್ನೊಂದಕ್ಕೆ ಹಾರುತ್ತವೆ.

ಒಮ್ಮೆ ಫ್ರಾಂಕರು ಇವನ ಕಡೆಯವರ ಕುರಿಗಳನ್ನು ಹೊಡೆದುಕೊಂಡು ಹೋದರು. ಉಸಾಮಾ ಜೆರುಸಲೇಮಿನ ರಾಜ ಫುಲ್ಕ್‌ನ ಬಳಿ ದೂರು ಒಯ್ದ. ರಾಜ ಆರೇಳು ಜನ ಯೋಧರಿಗೆ ತೀರ್ಪು ಹೇಳುವಂತೆ ಅಪ್ಪಣೆ ಮಾಡಿದ. ಅವರು ಹೊರಗೆ ಹೋಗಿ ಆಲೋಚಿಸಿ ಬಂದು ನಷ್ಟ ಕಟ್ಟಿಕೊಡಬೇಕೆಂದರು. 400 ದಿನಾರಿಗೆ ವ್ಯವಹಾರ ಬಗೆಹರಿಯಿತು. ಇನ್ನೊಮ್ಮೆ ಅವನನ್ನು ‘ಅಣ್ಣಾ’ ಎಂದೇ ಕರೆಯುತ್ತಿದ್ದ ಫ್ರಾಂಕ್ ಯೋಧನೊಬ್ಬ ತನ್ನ ದೇಶಕ್ಕೆ ಮರಳುವಾಗ, ನಿನ್ನ 14 ವರ್ಷದ ಮಗನನ್ನು ನನ್ನ ಜೊತೆ ಕಳಿಸು, ಬುದ್ಧಿ ವಿದ್ಯೆ ಕಲಿತು ಬರಲಿ ಎಂದ. ಉಸಾಮಾನಿಗೆ ಒಳಗೆ ಬೆಂಕಿ ಬಿದ್ದ ಹಾಗಾಯಿತು. ಹೊರಗೆ ಹೇಳಿದ್ದೇ ಬೇರೆ. ನನಗೂ ಅದೇ ಆಸೆ, ಆದರೆ ಇವನ ಅಜ್ಜಿಗೆ ಇವನೆಂದರೆ ಪ್ರಾಣ, ಕರಕೊಂಡು ಬರುತ್ತೇನೆಂದು ಆಣೆ ಹಾಕಿಸಿಕೊಂಡೇ ಕಳಿಸಿದ್ದಾಳೆ ಎಂದ. ನಿನ್ನ ತಾಯಿ ಇನ್ನೂ ಇದ್ದಾರೆಯೇ ಎಂದು ಕೇಳಿದ ಯೋಧ, ಹೌದೆಂದ ಮೇಲೆ, ಹಾಗಾದರೆ ಅವರ ಮಾತು ಮೀರಬೇಡ ಎಂದು ಸುಮ್ಮನಾದ. ಹೇಳಲಾಗದ ‘ಇಲ್ಲ’ವನ್ನು ಮನೆಯ ಹಿರಿಯ ಹೆಂಗಸಿನ ಹೆಸರಿನಲ್ಲಿ ಹೇಳಿ ಪಾರಾಗುವುದು! ನಮ್ಮ ಗಂಡಸರು ಇವತ್ತಿಗೂ ಬಿಡದ ರಾಜತಂತ್ರ ಇದು.

ನಕ್ಕ ಮೇಲೆ ಯೋಚನೆ ಬಂತು. ಫ್ರಾಂಕರ ಭಾಷೆ ತನಗೆ ತಿಳಿಯದು ಎಂದು ಉಸಾಮಾನೇ ಬೇರೊಂದು ಕಡೆ ಹೇಳುತ್ತಾನೆ. ಆದರೆ ರಾಜನ ಮಾತು, ಯೋಧನ ಮಾತು ಎಲ್ಲವೂ ಅಡೆತಡೆಯಿಲ್ಲದೆ ಒಳ್ಳೆಯ ಅರಬ್ಬಿಯಲ್ಲಿ ಹರಿಯುತ್ತವೆ. ನಡುವೆ ನಿಂತ ತರ್ಜುಮೆಗಾರನಿಗೆ ಪುಟದ ಮೇಲೆ ನಿಲ್ಲಲು ಒಂದಿಂಚು ಜಾಗವಿಲ್ಲ. ಉಸಾಮಾ ಕಥೆಗಾರನಾಗಿ ಎಷ್ಟು ಜಾಣನೋ ಈ ವಿಷಯದಲ್ಲಿ ಅಷ್ಟೇ ಕಂಜೂಸು. ಎದುರಿಗಿರುವವನು ದೊಡ್ಡವನಾದರೆ ಭಾಷೆಯ ಗೋಡೆಯೇ ಕಾಣಿಸುವುದಿಲ್ಲ. ಆ ಗೋಡೆ ಕಣ್ಣಿಗೆ ಬೀಳುವುದು ಒಬ್ಬ ಹೆಂಗಸು ಮಾತಾಡಿದಾಗ.

ಆ ಪ್ರಸಂಗ ಅಂತಿಯೋಕ್‌ನಲ್ಲಿ ನಡೆದದ್ದು. ಉಸಾಮಾ ಕೆಲಸದ ಮೇಲೆ ಕಳಿಸಿದ ಒಬ್ಬಾತನನ್ನು ಅಲ್ಲಿ ಮುದುಕ ಫ್ರಾಂಕ್ ಯೋಧನೊಬ್ಬ ಊಟಕ್ಕೆ ಕರೆದ. ಅತಿಥಿ ಊಟಕ್ಕೆ ಅನುಮಾನಿಸಿದಾಗ, ನಾನು ಫ್ರಾಂಕರ ಅಡುಗೆ ಉಣ್ಣುವುದಿಲ್ಲ, ನನ್ನ ಮನೆಯಲ್ಲಿ ಈಜಿಪ್ಟಿನ ಅಡುಗೆ ಹೆಂಗಸರಿದ್ದಾರೆ, ಹಂದಿಮಾಂಸ ಹೊಸ್ತಿಲು ದಾಟುವುದಿಲ್ಲ ಎಂದು ಯೋಧ ಸಮಾಧಾನ ಹೇಳಿದ. ಮುಂದೊಂದು ದಿನ ಆ ಅತಿಥಿ ಪೇಟೆಯಲ್ಲಿ ಹೋಗುತ್ತಿದ್ದಾಗ ಫ್ರಾಂಕ್ ಹೆಂಗಸೊಬ್ಬಳು ಅವನನ್ನು ಹಿಡಿದುಕೊಂಡು ತನ್ನ ಭಾಷೆಯಲ್ಲಿ ಏನೇನೋ ಕೂಗಿದಳು. ಅವನಿಗೆ ಒಂದಕ್ಷರ ತಿಳಿಯಲಿಲ್ಲ. ಜನ ಸೇರಿದರು, ಜೀವ ಹೋಯಿತು ಎಂದುಕೊಂಡ. ಆಗ ಅದೇ ಮುದುಕ ಯೋಧ ಬಂದು ಆಕೆಯನ್ನು ವಿಚಾರಿಸಿದ. ಇವನು ನನ್ನ ಅಣ್ಣ ಹುರ್ಸೋನನ್ನು ಕೊಂದವನು ಎಂದಳು. ಆ ಹುರ್ಸೋನನ್ನು ಕೊಂದದ್ದು ಹಮಾದ ಸೈನ್ಯದವನೊಬ್ಬ. ಯೋಧ ಅವಳನ್ನು ಗದರಿಸಿ, ಇವನು ‘ಬುರ್ಜಾಸಿ’, ಯುದ್ಧಕ್ಕೆ ಹೋಗುವವನಲ್ಲ ಎಂದ. ಜನರನ್ನು ಚದುರಿಸಿ ಅವನ ಕೈಹಿಡಿದು ಕರೆದೊಯ್ದ. ಅಂದು ಉಂಡ ಊಟ ನನ್ನ ಜೀವ ಉಳಿಸಿತು ಎಂದು ಆತ ಕಥೆ ಮುಗಿಸುತ್ತಾನೆ.

ಬುರ್ಜಾಸಿ ಎಂದರೆ ಫ್ರೆಂಚರ ‘ಬೂರ್ಜ್ವಾ’. ವ್ಯಾಪಾರಿ ಎಂಬ ಅರ್ಥವನ್ನು ಉಸಾಮಾ ಪಕ್ಕದಲ್ಲೇ ಕೊಡುತ್ತಾನೆ. ವ್ಯಾಪಾರದ ಒಂದು ಮಾತು ತರ್ಜುಮೆಯಾಯಿತು, ಒಂದು ಜೀವ ಉಳಿಯಿತು. ಒಳ್ಳೆಯದೇ. ಆದರೆ ನನಗೆ ಅವ್ವನ ಪ್ರಶ್ನೆ ನೆನಪಾಗುತ್ತದೆ: “ಉಳಿದದ್ದು ಏನು ಹೇಳಿದಳ್ರೀ ಆಕಿ?” ಅಷ್ಟು ಹೊತ್ತು ಕೂಗಿದವಳ ಮಾತಿನಲ್ಲಿ ಕಾಗದಕ್ಕೆ ಬಂದದ್ದು ಒಂದೇ ವಾಕ್ಯ. ಅಣ್ಣನ ಹೆಸರಿದೆ, ಅವಳ ಹೆಸರಿಲ್ಲ. ಅವಳದು ಆಳುವವರದೇ ಭಾಷೆ, ಆದರೂ ಅವಳ ಭಾಷೆಯವನೇ ಗದರಿಸಿ ಬಾಯಿ ಮುಚ್ಚಿಸಿದ. ಅವಳು ತಪ್ಪು ಮನುಷ್ಯನನ್ನು ಹಿಡಿದಳು, ನಿಜ. ಅವಳ ದುಃಖ ತಪ್ಪಲ್ಲವಲ್ಲ. ಇನ್ನು ಆ ಈಜಿಪ್ಟಿನ ಅಡುಗೆ ಹೆಂಗಸರು. ಫ್ರಾಂಕನ ಮನೆಯಲ್ಲಿ ದಿನವೂ ಒಲೆಯ ಮುಂದೆ ಎರಡು ಭಾಷೆ ಬೇಯಿಸಿದವರು ಅವರು. ಉಪ್ಪು ಸಾಕೇ ಎಂದು ಅವರು ಯಾವ ಮಾತಿನಲ್ಲಿ ಕೇಳಿದರೆಂದು ತಿಳಿಯುವ ಕುತೂಹಲ ಉಸಾಮಾನಿಗಿಲ್ಲ.

ಭಾಷೆ ಬಂದರೆ ಮನಸ್ಸು ಕೂಡುತ್ತದೆ ಎಂದೂ ಹೇಳುವಂತಿಲ್ಲ. ಸಿದೋನಿನ ಒಡೆಯ ರೆಜಿನಾಲ್ಡ್ ಅರಬ್ಬಿ ಬಲ್ಲವನು. 1189ರಲ್ಲಿ ಸಲಾದಿನ್ ಅವನ ಬೋಫೋರ್ ಕೋಟೆಗೆ ಮುತ್ತಿಗೆ ಹಾಕಿದಾಗ ಡೇರೆಗೆ ಬಂದು ಅರಬ್ಬಿಯಲ್ಲೇ ಮಾತಾಡಿದ, ಧರ್ಮದ ಚರ್ಚೆ ಮಾಡಿದ, ಎಲ್ಲರ ಮನಸ್ಸು ಗೆದ್ದ, ಕೋಟೆ ಒಪ್ಪಿಸಲು ಮೂರು ತಿಂಗಳ ವಾಯಿದೆ ಪಡೆದ. ಆ ವಾಯಿದೆಯಲ್ಲಿ ಒಳಗೊಳಗೇ ಕೋಟೆ ಭದ್ರಪಡಿಸಿಕೊಂಡ. ಸವಿಮಾತಿನ ಆ ಅರಬ್ಬಿ ಸಮಯ ಕೊಳ್ಳುವ ನಾಣ್ಯವಾಗಿತ್ತು, ಅಷ್ಟೇ.

ಹೆಂಗಸರ ಹೆಸರನ್ನು ಕಚೇರಿಯ ಭಾಷೆ ಬರೆಯಲೇ ಇಲ್ಲವೇ? ಬರೆಯಿತು, ಕೋಟೆಯ ಬೀಗದ ಕೈ ಅವಳ ಸೊಂಟದಲ್ಲಿದ್ದಾಗ. ಬೈರೂತಿನ ಒಡತಿ ಇಸಾಬೆಲ್ 1269ರಲ್ಲಿ ಸುಲ್ತಾನ್ ಬೈಬರ್ಸ್ ಜೊತೆ, ಟೈರ್ ಪಟ್ಟಣದ ಒಡತಿ ಮಾರ್ಗರೆಟ್ 1285ರಲ್ಲಿ ಸುಲ್ತಾನ್ ಕಲಾವೂನ್ ಜೊತೆ ಒಪ್ಪಂದ ಮಾಡಿಕೊಂಡರು. ಎರಡರ ಅರಬ್ಬಿ ಪಾಠವೂ ಉಳಿದಿದೆ. ಊರು, ಗಡಿ, ವ್ಯಾಪಾರಿಗಳ ರಕ್ಷಣೆ ಎಲ್ಲ ಅದರಲ್ಲಿ ಅಚ್ಚುಕಟ್ಟು. ಅಧಿಕಾರವಿದ್ದವಳ ಹೆಸರನ್ನು ಪರಭಾಷೆಯ ಲಿಪಿಯೂ ಗೌರವದಿಂದ ಬರೆಯುತ್ತದೆ.

ಅಧಿಕಾರ ಬೇಡವೆಂದವಳನ್ನು ಏನು ಮಾಡುವುದು? ಉಸಾಮಾನ ಪುಸ್ತಕದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅಂಥವಳ ಕಥೆ. ಸೆರೆಸಿಕ್ಕ ಫ್ರಾಂಕ್ ಹೆಂಗಸರಲ್ಲಿ ಒಬ್ಬ ಚೆಲುವೆಯನ್ನು ಉಸಾಮಾನ ತಂದೆ ತನ್ನ ಗೆಳೆಯನಾದ ಜಾಬರ್ ಕೋಟೆಯ ಒಡೆಯನಿಗೆ ಕಾಣಿಕೆ ಕಳಿಸಿದ. ಅವಳಿಗೆ ಮಗ ಹುಟ್ಟಿದ. ಆ ಮಗನೇ ಮುಂದೆ ಒಡೆಯನಾದ. ತಾಯಿಯ ಮಾತೇ ಕೋಟೆಯಲ್ಲಿ ಕಟ್ಟಳೆ. ಒಂದು ರಾತ್ರಿ ಅವಳು ಹಗ್ಗ ಹಿಡಿದು ಗೋಡೆಯಿಂದ ಇಳಿದು, ಫ್ರಾಂಕರ ಕೈಯಲ್ಲಿದ್ದ ಸರೂಜ್ ಊರಿಗೆ ಹೋಗಿ, ಅಲ್ಲಿ ಚಮ್ಮಾರನೊಬ್ಬನನ್ನು ಮದುವೆಯಾದಳು.

ಉಸಾಮಾನಿಗೆ ಇದು ಫ್ರಾಂಕರ ಕುಲ ಎಂದೂ ಪಳಗುವುದಿಲ್ಲ ಎಂಬುದಕ್ಕೆ ಸಾಕ್ಷಿ. ಒಡೆಯನ ತಾಯಿಯಾಗಿರುವುದು ಬಿಟ್ಟು ಚಮ್ಮಾರನ ಹೆಂಡತಿಯಾಗುವುದೇ ಎಂದು ಅವನಿಗೆ ಹೇಸಿಕೆ. ನಾನು ಆ ಪುಟ ಮುಚ್ಚಿ ಬಹಳ ಹೊತ್ತು ಕೂತೆ. ಕಾಣಿಕೆಯಾಗಿ ಹೋದವಳಿಗೆ ಅರಮನೆಯಲ್ಲಿ ಎಲ್ಲವೂ ಇತ್ತು. ತನ್ನ ಮಾತಿಗೆ ತನ್ನ ಮಾತಿನಲ್ಲೇ ಉತ್ತರ ಕೊಡುವವರು ಇದ್ದರೇ? ದಿನವಿಡೀ ಚಕ್ಕಳ ಹೊಲಿದು ಬಂದವನ ಜೊತೆ ರಾತ್ರಿ ಊಟಕ್ಕೆ ಕೂತು, ತರ್ಜುಮೆ ಬೇಕಿಲ್ಲದೆ ನಾಲ್ಕು ಮಾತಾಡುವ ಸುಖಕ್ಕೆ ಒಬ್ಬ ಹೆಂಗಸು ಕೋಟೆ ಬಿಡಬಹುದು ಎಂದು ನನಗನ್ನಿಸುತ್ತದೆ. ಉಸಾಮಾ ಅದನ್ನು ಹೇಳಿಲ್ಲ. ಆದರೆ ಅವಳನ್ನು ಹೀಗಳೆಯಲೆಂದೇ ಆತ ಹಗ್ಗ, ಗೋಡೆ, ಊರು, ಚಮ್ಮಾರ ಎಲ್ಲವನ್ನೂ ಬರೆದಿಟ್ಟ. ಬರೆದವನ ತೀರ್ಪನ್ನು ಬದಿಗಿಟ್ಟು ಅವನು ಕೊಟ್ಟ ವಿವರವನ್ನು ನಾವು ಇಟ್ಟುಕೊಳ್ಳಬಹುದು. ಹಳೆಯ ಪುಸ್ತಕಗಳನ್ನು ಓದಲು ನನಗೆ ತಿಳಿದಿರುವ ದಾರಿ ಇದೊಂದೇ.

ಇಷ್ಟೆಲ್ಲ ಉಸಾಮಾನ ಮೇಲೆ ದೂರು ಹೇಳಿದ ಮೇಲೆ ನನ್ನದೂ ಒಂದು ಹೇಳಬೇಕು. ಈಚೆಗೆ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ದಿದ್ದೆ. ಹೊರರಾಜ್ಯದ ಎಳೆಯ ಡಾಕ್ಟರು, ಕನ್ನಡ ಬಾರದು. ನಾನೇ ನಡುವಿನ ತರ್ಜುಮೆಗಾರ್ತಿ. ಅವ್ವ ಎದೆಯ ಮೇಲೆ ಕೈಯಿಟ್ಟು ನಿಧಾನವಾಗಿ ಹೇಳಿದಳು: “ಬೀಸೂ ಕಲ್ಲು ಇಟ್ಟಂಗ ಆಗೇದ. ನಾಕು ದಿನ ಆತು. ಇಕಿಗೆ ಕೆಲಸ ಭಾಳ ಇರ್ತದ ಅಂತ ಹೇಳಿರಲಿಲ್ಲ.”

ನಾನು ಡಾಕ್ಟರಿಗೆ ಹೇಳಿದ್ದು ಇಷ್ಟು: ನಾಲ್ಕು ದಿನದಿಂದ ಎದೆನೋವು.

ಡಾಕ್ಟರು ಬರೆದುಕೊಂಡರು. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು. ಅವಳು ಹೇಳಿದ್ದು ಎಷ್ಟು ಉದ್ದ, ನಾನು ಹೇಳಿದ್ದು ಎಷ್ಟು ಗಿಡ್ಡ ಎಂಬುದು ತಿಳಿಯಲು ಇಂಗ್ಲಿಷ್ ಬೇಕಿರಲಿಲ್ಲ.